ಲ್ಯಾಪ್‌ಟಾಪ್ ಪಾಯಿಂಟರ್ ತಾನಾಗಿಯೇ ಓಡುತ್ತಿದೆಯೇ? ಹ್ಯಾಕ್ ಆಗಿದೆ ಎಂದು ಗಾಬರಿಯಾಗುವ ಮುನ್ನ ಇವನ್ನು ಪರೀಕ್ಷಿಸಿ

ಪುಣೆ: ಕೆಲಸದ ನಡುವೆ ಲ್ಯಾಪ್‌ಟಾಪ್‌ನ ಮೌಸ್ ಪಾಯಿಂಟರ್ ಇದ್ದಕ್ಕಿದ್ದಂತೆ ಪರದೆಯ ಮೂಲೆಗೆ ಜಿಗಿಯುತ್ತದೆ, ನಿಂತಲ್ಲೇ ನಡುಗುತ್ತದೆ, ಕೈ ತೆಗೆದರೂ ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತದೆ. ಹಿಂಜವಡಿ, ಖರಾಡಿ, ಮಗರಪಟ್ಟಾದ ಐಟಿ ಕಂಪನಿಗಳ ಕೆಲಸವನ್ನು ಪಿಜಿ ಅಥವಾ ಬಾಡಿಗೆ ಫ್ಲ್ಯಾಟ್‌ನಿಂದಲೇ ಮಾಡುವವರಿಗೆ, ಓದಲೆಂದು ಪುಣೆಗೆ ಬಂದಿರುವ ವಿದ್ಯಾರ್ಥಿಗಳಿಗೆ ಇದು ಹೊಸ ತೊಂದರೆಯಲ್ಲ. ಆದರೆ ಹೀಗಾದಾಗ ಹಲವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ, 'ಯಾರಾದರೂ ಹ್ಯಾಕ್ ಮಾಡಿದ್ದಾರೆಯೇ?'

ಬಹುತೇಕ ಸಂದರ್ಭಗಳಲ್ಲಿ ಉತ್ತರ 'ಇಲ್ಲ'. ಬೆವರು, ಅರ್ಥಿಂಗ್ ಇಲ್ಲದ ಪ್ಲಗ್, ಕೊಳೆಯಾದ ಮೌಸ್, ಹಾಳಾದ ಡ್ರೈವರ್ ಇಂಥ ಸಾಮಾನ್ಯ ಕಾರಣಗಳೇ ಹೆಚ್ಚು. ಆದರೆ ಎರಡು ಕಾರಣಗಳನ್ನು ಮಾತ್ರ ಕಡೆಗಣಿಸುವಂತಿಲ್ಲ. ಒಂದು, ಉಬ್ಬಿದ ಬ್ಯಾಟರಿ. ಇನ್ನೊಂದು, ದೂರದಿಂದ ಲ್ಯಾಪ್‌ಟಾಪ್ ನಿಯಂತ್ರಿಸುವ ಆ್ಯಪ್. ಯಾವುದು ಸಾಮಾನ್ಯ, ಯಾವುದು ಅಪಾಯಕಾರಿ ಎಂದು ಮನೆಯಲ್ಲೇ ಗುರುತಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಮೊದಲು 5 ನಿಮಿಷದ ಪರೀಕ್ಷೆ

ಪಾಯಿಂಟರ್ ಒಂದೇ ಆದರೂ ಅದನ್ನು ಓಡಿಸುವ ಸಾಧನಗಳು ಹಲವು: ಟಚ್‌ಪ್ಯಾಡ್, ವೈರ್ ಮೌಸ್, ವೈರ್‌ಲೆಸ್ ಮೌಸ್, ಟಚ್‌ಸ್ಕ್ರೀನ್. ಯಾವುದು ತಪ್ಪು ಸಂಕೇತ ಕಳಿಸುತ್ತಿದೆ ಎಂದು ತಿಳಿಯಲು ಒಂದೊಂದನ್ನೇ ದೂರ ಮಾಡುತ್ತಾ ಹೋಗಬೇಕು. ಪ್ರತಿ ಹಂತದ ನಂತರ ಒಂದು ನಿಮಿಷ ಕೈ ತೆಗೆದು ಪಾಯಿಂಟರ್ ಗಮನಿಸಿ.

* ಚಾರ್ಜರ್ ಕಳಚಿ. ಪಾಯಿಂಟರ್ ಸರಿಹೋದರೆ ತೊಂದರೆ ಚಾರ್ಜರ್ ಅಥವಾ ಅರ್ಥಿಂಗ್‌ನದ್ದು.
* ಮೌಸ್‌ನ ವೈರ್ ಅಥವಾ ಡಾಂಗಲ್ ತೆಗೆಯಿರಿ, ಬ್ಲೂಟೂತ್ ಆಫ್ ಮಾಡಿ. ಸರಿಹೋದರೆ ತೊಂದರೆ ಮೌಸ್‌ನದ್ದು.
* ಬೇರೆ ಮೌಸ್ ಜೋಡಿಸಿ, ಟಚ್‌ಪ್ಯಾಡ್ ಆಫ್ ಮಾಡಿ. ಸರಿಹೋದರೆ ತೊಂದರೆ ಟಚ್‌ಪ್ಯಾಡ್‌ನದ್ದು.
* ವೈಫೈ ಆಫ್ ಮಾಡಿ. ಇಂಟರ್ನೆಟ್ ಇಲ್ಲದಿದ್ದರೂ ಪಾಯಿಂಟರ್ ಓಡುತ್ತಿದ್ದರೆ ಆ ಹೊತ್ತಿನಲ್ಲಿ ಯಾರೋ ದೂರದಿಂದ ಅದನ್ನು ಓಡಿಸುತ್ತಿಲ್ಲ.

ಬ್ಲೂಟೂತ್ ಆಫ್ ಮಾಡಿದಾಗ ಸರಿಹೋದರೆ ಒಮ್ಮೆ ಬ್ಯಾಗ್ ನೋಡಿ. ಆಫ್ ಮಾಡದೆ ಇಟ್ಟ ಬ್ಲೂಟೂತ್ ಮೌಸ್ ಬ್ಯಾಗ್‌ನೊಳಗೆ ಅಲುಗಾಡಿದರೂ ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಪಾಯಿಂಟರ್ ಓಡಾಡುತ್ತದೆ.

ಒದ್ದೆ ಕೈ, ಮಳೆಗಾಲ ಮತ್ತು ಟಚ್‌ಪ್ಯಾಡ್

ಟಚ್‌ಪ್ಯಾಡ್ ಬೆರಳು ಎಲ್ಲಿದೆ ಎಂದು ಗುರುತಿಸುವುದು ಒತ್ತಡದಿಂದಲ್ಲ. ಅದರ ಮೇಲ್ಮೈ ಕೆಳಗೆ ಸೂಕ್ಷ್ಮ ವಿದ್ಯುತ್ ಗೆರೆಗಳ ಜಾಲವಿರುತ್ತದೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣ ಶಕ್ತಿ ಬದಲಾಗುತ್ತದೆ. ಆ ಬದಲಾವಣೆಯನ್ನೇ ಲ್ಯಾಪ್‌ಟಾಪ್ 'ಬೆರಳು ಇಲ್ಲಿದೆ' ಎಂದು ಓದುತ್ತದೆ.

ತೊಂದರೆ ಇರುವುದೂ ಇಲ್ಲೇ. ನೀರಿನ ಹನಿ, ಬೆವರು, ಕೈಗೆ ಹಚ್ಚಿದ ಕ್ರೀಮ್ ಅಥವಾ ಎಣ್ಣೆಯ ಜಿಡ್ಡು ಕೂಡ ಇದೇ ರೀತಿಯ ಬದಲಾವಣೆ ಉಂಟುಮಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆಯಲ್ಲಿ ನೆನೆದು ಬಂದು ಒದ್ದೆ ಕೈಯಲ್ಲೇ ಲ್ಯಾಪ್‌ಟಾಪ್ ತೆರೆದರೆ ಪಾಯಿಂಟರ್ ಜಿಗಿಯುವುದು ಸಹಜ.

ಪರಿಹಾರ ಸರಳ. ಲ್ಯಾಪ್‌ಟಾಪ್ ಆಫ್ ಮಾಡಿ, ತುಸುವೇ ತೇವವಿರುವ ಮೆತ್ತನೆಯ ಬಟ್ಟೆಯಿಂದ ಟಚ್‌ಪ್ಯಾಡ್ ಒರೆಸಿ, ನಂತರ ಒಣ ಬಟ್ಟೆಯಿಂದ ಒರೆಸಿ. ನೀರನ್ನಾಗಲಿ ಕ್ಲೀನರ್ ದ್ರವವನ್ನಾಗಲಿ ನೇರವಾಗಿ ಟಚ್‌ಪ್ಯಾಡ್ ಮೇಲೆ ಸಿಂಪಡಿಸಬೇಡಿ. ಕೈ ಚೆನ್ನಾಗಿ ಒರೆಸಿಕೊಂಡ ಮೇಲೆ ಮತ್ತೆ ಬಳಸಿ ನೋಡಿ.

ಟೈಪ್ ಮಾಡುವಾಗ ಮಾತ್ರ ಕರ್ಸರ್ ಬೇರೆ ಸಾಲಿಗೆ ಹಾರುತ್ತಿದ್ದರೆ ಅಂಗೈ ಟಚ್‌ಪ್ಯಾಡ್‌ಗೆ ತಾಗುತ್ತಿರಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು 'ಬ್ಲೂಟೂತ್ ಅಂಡ್ ಡಿವೈಸಸ್', ಅಲ್ಲಿಂದ 'ಟಚ್‌ಪ್ಯಾಡ್' ಆಯ್ಕೆ ಮಾಡಿ, ಸೆನ್ಸಿಟಿವಿಟಿಯನ್ನು 'ಲೋ'ಗೆ ಇಳಿಸಿ. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ತಾನಾಗಿ ನಿಲ್ಲುವಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ. ಮ್ಯಾಕ್‌ಬುಕ್‌ನಲ್ಲಿ ಇಂಥದ್ದೇ ಆಯ್ಕೆ ಸಿಸ್ಟಂ ಸೆಟ್ಟಿಂಗ್ಸ್‌ನ 'ಆ್ಯಕ್ಸೆಸಿಬಿಲಿಟಿ' ವಿಭಾಗದ 'ಪಾಯಿಂಟರ್ ಕಂಟ್ರೋಲ್'ನಲ್ಲಿ ಸಿಗುತ್ತದೆ.

ಚಾರ್ಜರ್ ಹಾಕಿದಾಗ ಮಾತ್ರ ಪಾಯಿಂಟರ್ ನಡುಗುತ್ತಿದೆಯೇ?

ಪಿಜಿ, ಹಾಸ್ಟೆಲ್ ಮತ್ತು ಹಳೆಯ ಕಟ್ಟಡಗಳಲ್ಲಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅನೇಕ ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಮೂರು ಪಿನ್‌ಗಳ ಪ್ಲಗ್ ಇರುತ್ತದೆ. ಅದರ ದಪ್ಪ ಪಿನ್ ಅರ್ಥಿಂಗ್‌ಗಾಗಿ. ಕೋಣೆಯಲ್ಲಿ ಎರಡು ಪಿನ್ ಸಾಕೆಟ್ ಮಾತ್ರ ಇದೆ ಎಂದು ಕನ್ವರ್ಟರ್ ಬಳಸಿದರೆ ಆ ಪಿನ್‌ಗೆ ಸಂಪರ್ಕವೇ ಸಿಗುವುದಿಲ್ಲ. ಮೂರು ಪಿನ್ ಸಾಕೆಟ್ ಇದ್ದರೂ ಒಳಗೆ ಅರ್ಥ್ ವೈರ್ ಜೋಡಿಸದೇ ಇರುವುದೂ ಉಂಟು.

ಚಾರ್ಜರ್‌ನೊಳಗಿನ ವಿದ್ಯುತ್ ಗದ್ದಲವನ್ನು ತಗ್ಗಿಸುವ ಕೆಪ್ಯಾಸಿಟರ್‌ಗಳಿಂದ ಅತ್ಯಲ್ಪ ಪ್ರಮಾಣದ ವಿದ್ಯುತ್ ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹರಿದು ಹೋಗುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಲೋಹದ ಮೈಗೆ ಬರುತ್ತದೆ. ಮುಟ್ಟಿದಾಗ ಚುಳ್ಳೆನ್ನುವ ಅನುಭವ ಆಗುವುದು ಇದರಿಂದಲೇ. ಸೂಕ್ಷ್ಮ ಸಂಕೇತಗಳನ್ನು ಓದುವ ಟಚ್‌ಪ್ಯಾಡ್ ಈ ಗದ್ದಲದಲ್ಲಿ ಗಲಿಬಿಲಿಗೊಳ್ಳುತ್ತದೆ.

ಅರ್ಥಿಂಗ್ ಸರಿಯಿರುವ ಬೇರೊಂದು ಸಾಕೆಟ್‌ನಲ್ಲಿ ಅದೇ ಚಾರ್ಜರ್ ಹಾಕಿ ನೋಡಿ. ಅಲ್ಲಿ ಪಾಯಿಂಟರ್ ಸರಿಯಿದ್ದರೆ ದೋಷ ಕೋಣೆಯ ವೈರಿಂಗ್‌ನದ್ದು. ಕೋಣೆಯ ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಇದು ಲ್ಯಾಪ್‌ಟಾಪ್‌ಗಿಂತ ದೊಡ್ಡ ವಿಷಯ. ಅದೇ ಕೋಣೆಯ ಗೀಸರ್, ಇಸ್ತ್ರಿಪೆಟ್ಟಿಗೆ ಬಳಸುವವರ ಸುರಕ್ಷತೆಯೂ ಇದೇ ಅರ್ಥಿಂಗ್ ಮೇಲೆ ನಿಂತಿದೆ. ಬೇರೆ ಸಾಕೆಟ್‌ನಲ್ಲೂ ಪಾಯಿಂಟರ್ ನಡುಗಿದರೆ ಅದೇ ಕಂಪನಿಯ, ಅದೇ ಸಾಮರ್ಥ್ಯದ ಬೇರೆ ಚಾರ್ಜರ್ ಬಳಸಿ ನೋಡಿ. ಅಗ್ಗದ ನಕಲಿ ಚಾರ್ಜರ್‌ಗಳು ಇಂಥ ತೊಂದರೆಗೆ ಹೆಸರುವಾಸಿ.

ಎಚ್ಚರ: ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು

ಪಾಯಿಂಟರ್ ತೊಂದರೆಯ ಹಿಂದಿರುವ ನಿಜವಾದ ಅಪಾಯ ಇದು. ಈಗಿನ ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಅಂಗೈ ಇಡುವ ಜಾಗ ಮತ್ತು ಟಚ್‌ಪ್ಯಾಡ್‌ನ ಕೆಳಗೆ. ಹಳತಾದ ಅಥವಾ ಹಾಳಾದ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿಕೊಂಡಾಗ ಅದು ಉಬ್ಬಿ, ಟಚ್‌ಪ್ಯಾಡ್ ಅನ್ನು ಕೆಳಗಿನಿಂದ ಒತ್ತುತ್ತದೆ. ಆಗ ಪಾಯಿಂಟರ್ ಜಿಗಿಯುತ್ತದೆ, ಮುಟ್ಟದೇ ಕ್ಲಿಕ್ ಆಗುತ್ತದೆ ಅಥವಾ ಒತ್ತಿದರೂ ಕ್ಲಿಕ್ ಆಗುವುದಿಲ್ಲ.

ಗುರುತಿಸುವುದು ಹೀಗೆ:

* ಟಚ್‌ಪ್ಯಾಡ್‌ನ ಒಂದು ಅಂಚು ಮೇಲೆದ್ದಂತೆ ಕಾಣುತ್ತದೆ.
* ಲ್ಯಾಪ್‌ಟಾಪ್ ಮುಚ್ಚಿದಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.
* ಸಮತಟ್ಟಾದ ಮೇಜಿನ ಮೇಲಿಟ್ಟರೂ ಅಲುಗಾಡುತ್ತದೆ.
* ಕೆಳಭಾಗದ ಕವಚದಲ್ಲಿ ಬಿರುಕು ಬಿಟ್ಟಂತೆ ಸಂದು ಕಾಣುತ್ತದೆ.

ಇವುಗಳಲ್ಲಿ ಒಂದು ಕಂಡರೂ ತಕ್ಷಣ ಚಾರ್ಜರ್ ತೆಗೆದು ಲ್ಯಾಪ್‌ಟಾಪ್ ಆಫ್ ಮಾಡಿ. ಮತ್ತೆ ಚಾರ್ಜ್ ಮಾಡಬೇಡಿ. ಒತ್ತಿ ಸಮ ಮಾಡಲು ಅಥವಾ ಅನಿಲ ಹೊರಬಿಡಲು ಚುಚ್ಚಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಹಾಸಿಗೆ, ಪುಸ್ತಕ, ಬಟ್ಟೆಗಳಿಂದ ದೂರವಿಟ್ಟು ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ. ಹೊಗೆ ಬಂದರೆ ಕೋಣೆಯಿಂದ ಹೊರಬಂದು ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ.

'ಊರಿಗೆ ಹೋದಾಗ ರಿಪೇರಿ ಮಾಡಿಸಿದರಾಯಿತು' ಎಂದು ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪ್ ಅನ್ನು ಬಸ್ಸಿನಲ್ಲಿ ಕೊಂಡೊಯ್ಯುವುದು, ಕೊರಿಯರ್ ಮಾಡುವುದು ಸರಿಯಲ್ಲ. ಹಾನಿಗೊಂಡ ಲಿಥಿಯಂ ಬ್ಯಾಟರಿಗಳಿಗೆ ವಿಮಾನದಲ್ಲೂ ಅವಕಾಶವಿಲ್ಲ. ತೆಗೆದ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕಬೇಡಿ, ಬದಲಿಸಿಕೊಟ್ಟ ಸರ್ವಿಸ್ ಸೆಂಟರ್‌ಗೇ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದ್ದು.

ಮೌಸ್‌ನದ್ದೇ ತೊಂದರೆಯಾದರೆ

ಆಪ್ಟಿಕಲ್ ಮೌಸ್ ಕೆಳಗಿರುವ ಪುಟ್ಟ ಸಂವೇದಕ ಮೇಲ್ಮೈಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅವುಗಳ ನಡುವಿನ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಗಾಜಿನ ಮೇಜು, ಹೊಳೆಯುವ ಗ್ರಾನೈಟ್ ಮೇಲೆ ಅದಕ್ಕೆ ವ್ಯತ್ಯಾಸ ಸಿಗುವುದಿಲ್ಲ. ಸಂವೇದಕದ ಮೇಲೆ ಕೂತ ಒಂದೇ ಒಂದು ಕೂದಲು ಸಾಕು, ಪಾಯಿಂಟರ್ ನಡುಗುತ್ತದೆ. ಮೌಸ್ ತಿರುಗಿಸಿ ಒಣ ಬಟ್ಟೆಯಿಂದ ಒರೆಸಿ, ಬಿಳಿ ಹಾಳೆಯ ಮೇಲಿಟ್ಟು ನೋಡಿ. ವೈರ್‌ಲೆಸ್ ಆಗಿದ್ದರೆ ಸೆಲ್ ಬದಲಿಸಿ.

ಹಲವರಿಗೆ ತಿಳಿಯದ ಇನ್ನೊಂದು ಕಾರಣವಿದೆ. ಯುಎಸ್‌ಬಿ 3.0 ಸಾಧನಗಳಿಂದ ಹೊಮ್ಮುವ ರೇಡಿಯೋ ಗದ್ದಲವು ವೈರ್‌ಲೆಸ್ ಮೌಸ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಪಡಿಸುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ವಿವರಿಸಿತ್ತು. ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಪಕ್ಕದಲ್ಲೇ ಮೌಸ್ ಡಾಂಗಲ್ ಇದ್ದರೆ ಅದನ್ನು ಲ್ಯಾಪ್‌ಟಾಪ್‌ನ ಇನ್ನೊಂದು ಬದಿಗೆ ಹಾಕಿ. ಇಲ್ಲವೇ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಬಳಸಿ ದೂರವಿಡಿ.

ಟಚ್‌ಸ್ಕ್ರೀನ್ ಮತ್ತು ಕೆಂಪು ಗುಂಡಿ

ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್‌ನ ಪರದೆ ಬಿರುಕು ಬಿಟ್ಟಿದ್ದರೆ ಯಾರೂ ಮುಟ್ಟದೇ 'ಸ್ಪರ್ಶ' ದಾಖಲಾಗುತ್ತದೆ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆದು, 'ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್' ಪಟ್ಟಿಯಲ್ಲಿರುವ ಟಚ್‌ಸ್ಕ್ರೀನ್ ಅನ್ನು ಡಿಸೇಬಲ್ ಮಾಡಿ ನೋಡಿ.

ಥಿಂಕ್‌ಪ್ಯಾಡ್ ಕೀಬೋರ್ಡ್ ಮಧ್ಯದ ಕೆಂಪು ಗುಂಡಿಯಿಂದ ಪಾಯಿಂಟರ್ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಅದನ್ನು ಮುಟ್ಟದೆ ಕೆಲವು ಸೆಕೆಂಡ್ ಬಿಡಿ. ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಅಪ್‌ಡೇಟ್ ನಂತರ ಶುರುವಾಯಿತೇ?

ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾದರೆ ಡ್ರೈವರ್ ಮೇಲೆ ಸಂಶಯಪಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಟಚ್‌ಪ್ಯಾಡ್‌ನ 'ಪ್ರಾಪರ್ಟೀಸ್' ತೆರೆದು, 'ಡ್ರೈವರ್' ವಿಭಾಗದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದರೆ ಹಳೆಯ ಡ್ರೈವರ್‌ಗೆ ಮರಳಬಹುದು. ಆ ಆಯ್ಕೆ ಮಸುಕಾಗಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಸರಿಪಡಿಸುತ್ತೇವೆ ಎನ್ನುವ ಅಪರಿಚಿತ ಉಚಿತ ಆ್ಯಪ್‌ಗಳಿಂದ ದೂರವಿರಿ.

ನಿಜಕ್ಕೂ ಹ್ಯಾಕ್ ಆಗಿದ್ದರೆ ಹೇಗೆ ತಿಳಿಯುವುದು?

ಹಾರ್ಡ್‌ವೇರ್ ದೋಷದಲ್ಲಿ ಪಾಯಿಂಟರ್ ಗೊತ್ತುಗುರಿಯಿಲ್ಲದೆ ಓಡುತ್ತದೆ. ಮನುಷ್ಯ ಓಡಿಸುತ್ತಿದ್ದರೆ ಅದಕ್ಕೊಂದು ಉದ್ದೇಶವಿರುತ್ತದೆ: ಬ್ರೌಸರ್ ತೆರೆಯುತ್ತದೆ, ಬ್ಯಾಂಕ್ ಪುಟಕ್ಕೆ ಹೋಗುತ್ತದೆ, ಅಕ್ಷರಗಳು ತಾವಾಗಿ ಮೂಡುತ್ತವೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್‌ಗಳು ನಿಮಗೆ ತಿಳಿಯದೆ ಇನ್‌ಸ್ಟಾಲ್ ಆಗಿವೆಯೇ ಎಂದು ಆ್ಯಪ್‌ಗಳ ಪಟ್ಟಿಯಲ್ಲಿ ನೋಡಿ. ಲ್ಯಾಪ್‌ಟಾಪ್ ಕಂಪನಿಯದ್ದಾಗಿದ್ದರೆ ಐಟಿ ವಿಭಾಗಕ್ಕೂ ಇಂಥ ಪ್ರವೇಶ ಇರಬಹುದು, ಮೊದಲು ಅವರನ್ನೇ ಕೇಳಿ. ನೆನಪಿಡಿ, ಮಾಹಿತಿ ಕದಿಯುವ ಹಲವು ಕುತಂತ್ರಾಂಶಗಳಿಗೆ ಪಾಯಿಂಟರ್ ಅಲುಗಾಡಿಸುವ ಅಗತ್ಯವೇ ಇಲ್ಲ.

ದೊಡ್ಡ ನಷ್ಟ ಆಗುವುದು ಗಾಬರಿಯಿಂದ. ಗೂಗಲ್‌ನಲ್ಲಿ ಸಿಕ್ಕ 'ಕಸ್ಟಮರ್ ಕೇರ್' ನಂಬರ್‌ಗೆ ಅಥವಾ ಪರದೆ ಮೇಲೆ ಮೂಡಿದ ಎಚ್ಚರಿಕೆಯಲ್ಲಿನ ನಂಬರ್‌ಗೆ ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡರೆ ಇಲ್ಲದ ಹ್ಯಾಕರ್‌ನನ್ನು ಕೈಯಾರೆ ಒಳಗೆ ಕರೆದಂತೆ. ಇಂಥ ಟೆಕ್ ಸಪೋರ್ಟ್ ವಂಚನೆಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ಸಿಬಿಐ 2023ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತ್ತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ದೂರುಗಳೂ ಅದರಲ್ಲಿದ್ದವು. 2025ರ ಮೇ ತಿಂಗಳಲ್ಲಿ ಪುಣೆಯ ಖರಾಡಿಯಲ್ಲೇ ಅಮೆರಿಕದ ನಾಗರಿಕರನ್ನು ವಂಚಿಸುತ್ತಿದ್ದ ಆರೋಪದ ನಕಲಿ ಕಾಲ್ ಸೆಂಟರ್ ಮೇಲೆ ಪೊಲೀಸರು ದಾಳಿ ಮಾಡಿದ್ದರು.

ದೂರದಿಂದ ಯಾರೋ ನಿಯಂತ್ರಿಸುತ್ತಿರುವುದು ಖಚಿತವಾದರೆ ಹೀಗೆ ಮಾಡಿ:

1. ಮೊದಲು ಇಂಟರ್ನೆಟ್ ಕಡಿತಗೊಳಿಸಿ.
2. ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ.
3. ಬೇರೆ ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ.
4. ಹಣ ಹೋಗಿದ್ದರೆ ಬ್ಯಾಂಕ್‌ಗೆ ತಿಳಿಸಿ, ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ರಿಪೇರಿಗೆ ಕೊಡುವ ಮುನ್ನ

ಪುಣೆಯಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ತಿಲಕ್ ರಸ್ತೆ ಸುತ್ತಮುತ್ತಲಿನ ಅಂಗಡಿಗಳು ನೆನಪಾಗುತ್ತವೆ. ಅಲ್ಲಿಗೆ ಹೋಗುವ ಮೊದಲು ವಾರಂಟಿ ಇದೆಯೇ ನೋಡಿಕೊಳ್ಳಿ. ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್ ಒಳ್ಳೆಯದು. ಫೈಲ್‌ಗಳ ಬ್ಯಾಕಪ್ ಮಾಡಿಕೊಳ್ಳಿ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿ. ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯಿರಿ.

'ಪಾಯಿಂಟರ್ ಹಾಳಾಗಿದೆ' ಎನ್ನುವ ಬದಲು ನಿಖರವಾಗಿ ಹೇಳಿ: ಚಾರ್ಜರ್ ತೆಗೆದರೂ ಹೀಗೇ ಆಗುತ್ತದೆ, ಟಚ್‌ಪ್ಯಾಡ್ ಆಫ್ ಮಾಡಿದರೆ ನಿಲ್ಲುತ್ತದೆ ಎಂದು ತಿಳಿಸಿ. ಆಗ ಅನಗತ್ಯವಾಗಿ ಮದರ್‌ಬೋರ್ಡ್ ಬದಲಿಸುವ, ವಿಂಡೋಸ್ ಮರುಹಾಕುವ ಮಾತಿಗೆ ಆಸ್ಪದ ಇರುವುದಿಲ್ಲ. ಮೇಲಿನ 5 ನಿಮಿಷದ ಪರೀಕ್ಷೆಯ ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಮಯ, ಹಣ ಎರಡೂ ಉಳಿಯುತ್ತವೆ.