ಸೈಕಲ್ ಗಾಲಿಯ ವಜನು

ಕಾರಿನ ಗಾಲಿಯನ್ನು ಯಂತ್ರದ ಮೇಲೆ ತಿರುಗಿಸಿ, ಹಗುರವಾದ ಕಡೆ ಸೀಸದ ತುಣುಕು ಕೂರಿಸುವುದನ್ನು ಕಂಡವರು ಸೈಕಲ್ ಅಂಗಡಿಯಲ್ಲೂ ‘ಗಾಲಿ ಬ್ಯಾಲೆನ್ಸ್ ಮಾಡ್ರಿ ಉಸ್ತಾದ್’ ಎನ್ನುವುದುಂಟು. ಉಸ್ತಾದರು ತಲೆದೂಗುತ್ತಾರೆ, ಮಾಡುವುದು ಮಾತ್ರ ಬೇರೆಯೇ ಕೆಲಸ. ಅದರ ಹೆಸರು ಔಟ್ ತೆಗೆಯುವುದು.

ಉರ್ದುವಿನಲ್ಲಿ ಸಮತೋಲನಕ್ಕೆ ನಾವು ತವಾಜುನ್ ಎನ್ನುತ್ತೇವೆ. ಅದರ ಹೊಟ್ಟೆಯಲ್ಲಿರುವುದು ವಜನ್, ಧಾರವಾಡ ಸೀಮೆಯ ಸಂತೆಗಳಲ್ಲಿ ಕೇಳುವ ಅದೇ ವಜನು. ಔಟ್ ತೆಗೆಯುವಾಗ ವಜನಿನ ಮಾತೇ ಇಲ್ಲ. ಗಾಲಿ ಸೀದಾ ಓಡುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಇವೆರಡನ್ನು ಒಂದೇ ಎಂದುಕೊಂಡರೆ ಬೇಡದ್ದಕ್ಕೆ ದುಡ್ಡು ಸುರಿದು ಬೇಕಾದದ್ದನ್ನು ಬಿಡುತ್ತೇವೆ.

ಮೊದಲು ವಜನನ್ನೇ ನೋಡೋಣ. ಸೈಕಲ್ಲನ್ನು ಬೋರಲು ಹಾಕಿ ಗಾಲಿಯನ್ನು ಮೆಲ್ಲಗೆ ಬಿಟ್ಟರೆ ಭಾರವಿರುವ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಹೆಚ್ಚಾಗಿ ಅದು ಗಾಳಿ ತುಂಬುವ ವಾಲ್‌ನ ಭಾರ. ರಿಮ್ಮಿನ ಜೋಡನ್ನು ಸಾಮಾನ್ಯವಾಗಿ ವಾಲ್‌ನ ಎದುರುಬದಿಗೇ ಇಡುವುದರಿಂದ ಅದೂ ಅಷ್ಟಿಷ್ಟು ಸರಿದೂಗುತ್ತದೆ. 10 ಗ್ರಾಂ ವ್ಯತ್ಯಾಸ ಉಳಿಯಿತೆನ್ನಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ 28 ಇಂಚಿನ ಗಾಲಿಯನ್ನು ಅದು ಎಳೆಯುವುದು 50-60 ಗ್ರಾಂ ತೂಗುವಷ್ಟು. ಸೈಕಲ್ಲು, ಸವಾರ, ಕ್ಯಾರಿಯರಿನ ಚೀಲ ಸೇರಿ ಕ್ವಿಂಟಲ್ ಮುಟ್ಟುವ ಭಾರದ ಮುಂದೆ ಇದು ನೊಣ. ಆದರೆ ವೇಗ ನಾಲ್ಕು ಪಟ್ಟಾದರೆ ಎಳೆತ ಹದಿನಾರು ಪಟ್ಟಾಗುತ್ತದೆ. 60 ಕಿಲೋಮೀಟರಿಗೆ ಹೆಚ್ಚುಕಡಿಮೆ 900 ಗ್ರಾಂ. ಮೋಟಾರಿಗೆ ಸೀಸ ಬೇಕಾದದ್ದು ಇದಕ್ಕೇ. ಗುಡ್ಡದಿಂದ ಪಂದ್ಯದ ಸೈಕಲ್ ಇಳಿಸುವವರು ಈ ಚಿಂತೆ ಮಾಡಲಿ.

ಕುಂದಗೋಳ ತಾಲೂಕಿನ ಯರಗುಪ್ಪಿಯ ಸೈಕಲ್ಲಿಗೆ ಇರುವ ಚಿಂತೆ ಯರಿ ಮಣ್ಣಿನದು. ಮಳೆ ಬಿದ್ದರೆ ಈ ಕಪ್ಪು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿಯನ್ನೇ ಹಿಡಿಯುತ್ತದೆ. ಕೋಲಿನಿಂದ ಕೆದರಿ ಕೆದರಿ ಸಾಕಾಗಿ, ಕಡೆಗೆ ಸವಾರನೇ ಸೈಕಲ್ಲನ್ನು ಹೊತ್ತು ನಡೆಯಬೇಕು. ಟೈರಿಗೆ ಅಂಟಿದ ಒಂದು ಹೆಂಟೆಯ ಮುಂದೆ ವಾಲ್‌ನ ತೂಕ ಯಾವ ಲೆಕ್ಕ? ಇಂಥ ದಾರಿಯಲ್ಲಿ ಗ್ರಾಂ ಅಳೆದು ತೂಕ ಕಟ್ಟಿಸುವುದು ದಂಡ ಎಂದೇ ನಮ್ಮ ಎಣಿಕೆ.

ಔಟ್ ತೆಗೆಯುವುದು ಹಾಗಲ್ಲ. ಚಕ್ಕಡಿಯ ಗಾಲಿ ಕೆಳಗಿನ ಮರದ ಅರಗಳ ಮೇಲೆ ನಿಂತಿರುತ್ತದೆ. ಸೈಕಲ್ಲಿನ ಕಡ್ಡಿಗಳು ಬರೀ ತಂತಿ, ಒತ್ತಿದರೆ ಬಾಗುವಂಥವು. ಬಿಗಿದು ಎಳೆದಿರುವುದರಿಂದಲೇ ಭಾರ ತಾಳುತ್ತವೆ. ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲೇ, ಹಾರುವ ಯಂತ್ರಕ್ಕೆ ಹಗುರ ಗಾಲಿ ಬೇಕೆಂದು, ಈ ಉಪಾಯ ಹುಡುಕಿದ್ದ. ಪ್ಯಾರಿಸ್ಸಿನ ಯುಜೀನ್ ಮೇಯರ್ 1869ರಲ್ಲಿ ಅದನ್ನು ಸೈಕಲ್ಲಿಗೆ ತಂದ. ಕಡ್ಡಿಗಳನ್ನು ಓರೆಯಾಗಿ ಒಂದರ ಮೇಲೊಂದು ದಾಟಿಸುವ ಜೋಡಣೆ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯದು, 1874ರದು. ನಮ್ಮ ದೊಡ್ಡ ಕರಿ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿಗಳಿರುವುದು ಬ್ರಿಟಿಷರ ರೂಢಿ. ಒಂದು ಸಡಿಲಾದರೆ ಅದರ ಪಾಲು ಪಕ್ಕದವುಗಳ ಮೇಲೆ ಬೀಳುತ್ತದೆ. ಐದು ಕಿಲೋಮೀಟರಿಗೆ ಗಾಲಿ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸುತ್ತಿಗೊಮ್ಮೆ ಸಡಿಲ-ಬಿಗಿಯಾಗುತ್ತ ಕಡ್ಡಿ ಒಂದು ದಿನ ಹಬ್ಬಿನ ಹತ್ತಿರದ ಬಾಗಿನಲ್ಲಿ ತುಂಡಾಗುತ್ತದೆ.

ಉಸ್ತಾದರು ತಿರುಗುವ ರಿಮ್ಮಿನ ಬದಿಗೆ ಖಡುವಿನ ತುಂಡು ಹಿಡಿಯುತ್ತಾರೆ. ಗೆರೆ ಬಿದ್ದಲ್ಲಿ ಗಾಲಿ ಆ ಕಡೆ ಹೊರಳಿದೆ. ಆ ಬದಿಯ ಕಡ್ಡಿಯ ನಿಪ್ಪಲ್ ಸಡಿಲಿಸಿ ಎದುರು ಬದಿಯದನ್ನು ಬಿಗಿಯಬೇಕು, ಕಾಲು ಸುತ್ತಿಗಿಂತ ಹೆಚ್ಚಲ್ಲ. ಅವಸರಪಟ್ಟರೆ ಒಂದು ಕಡೆಯ ಔಟ್ ಮತ್ತೊಂದು ಕಡೆ ಎದ್ದು ಬರುತ್ತದೆ. ಅನುಭವವುಳ್ಳವರು ಕಡ್ಡಿಯನ್ನು ಬೆರಳಿನಿಂದ ಮೀಟಿ ದನಿಯಿಂದಲೇ ಬಿಗಿ ತಿಳಿಯುತ್ತಾರೆ. ಸವಾಯಿ ಗಂಧರ್ವರ ಕುಂದಗೋಳದ ಸೀಮೆಯಲ್ಲಿ ಕಿವಿಯ ಮೇಲಿನ ಈ ನಂಬಿಕೆ ಆಶ್ಚರ್ಯದ್ದಲ್ಲ. ಹಳೆಯ ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಅಡ್ಡ ಹೊರಳಾಟ ತುಸು ನಡೆದೀತು, ಅದರ ರಬ್ಬರ್ ರಿಮ್ಮಿನ ಒಳಮೈಯನ್ನು ಹಿಡಿಯುತ್ತದೆ. ಆದರೆ ಗಾಲಿ ಏರಿಳಿದರೆ ಬ್ರೇಕು ಜಗ್ಗಿ ಜಗ್ಗಿ ಹಿಡಿದು ಸವಾರನನ್ನು ಕೆಡವೀತು.

ಸ್ವಾತಂತ್ರ್ಯದ ಮೊದಲು ಬಹುಪಾಲು ಇಂಗ್ಲಿಷ್ ಸೈಕಲ್ಲುಗಳೇ ಬರುತ್ತಿದ್ದವು. 1949ರಲ್ಲಿ ಮದರಾಸಿನ ಟಿಐ, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಶುರುವಾಗಿ ಸೈಕಲ್ ರೈತನ ಕೈಗೆಟುಕಿತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ ಮೇಲೆ, ಹೈಸ್ಕೂಲಿಲ್ಲದ ಊರುಗಳ ಹುಡುಗಿಯರೂ ಪೆಡಲ್ ತುಳಿದರು. ನಮ್ಮ ಮೊಹಲ್ಲಾಗಳ ಹುಡುಗಿಯರೂ ಅವರಲ್ಲಿದ್ದರು. ಹೊಸ ಗಾಲಿಯ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ತಮ್ಮ ಜಾಗದಲ್ಲಿ ಕೂತು ಸಡಿಲಾಗುತ್ತವೆ, ಆಗ ಒಮ್ಮೆ ಬಿಗಿಸಲೇಬೇಕು. ಕೂಲಿಯವರ ಮನೆಗೆ ಅದೂ ಖರ್ಚೇ. ಬಿಗಿಸದೆ ಬಿಟ್ಟ ಗಾಲಿ ಎಂಟಿನ ಆಕಾರಕ್ಕೆ ತಿರುಚಿ ಮೂಲೆ ಸೇರಿದರೆ, ಮಗಳನ್ನು ಶಾಲೆ ಬಿಡಿಸಬೇಕೆನ್ನುವವರಿಗೆ ಒಂದು ನೆಪ ಸಿಕ್ಕಂತೆ.

ಕೋವಿಡ್ ಹೊತ್ತಿನಲ್ಲಿ ಆ ಯೋಜನೆ ನಿಂತಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಗೆ ಬೀಗ ಹಾಕಿತು. ಹಿತ್ತಲಲ್ಲಿ ಒರಗಿಸಿಟ್ಟ ಸೈಕಲ್ಲುಗಳು ಇನ್ನೂ ಉಳಿದಿವೆ. ತಂಗಿಗಾಗಿ ಅದನ್ನು ಹೊರತೆಗೆಯುವ ಅಣ್ಣಂದಿರು ಅಂಗಡಿಯಲ್ಲಿ ‘ಔಟ್ ತೆಗೀರಿ, ಕಡ್ಡಿ ಎಲ್ಲಾ ನೋಡ್ರಿ’ ಎಂದರೆ ಸಾಕು.