ತೀರ್ಪುಗಾರರನ್ನು ಆರಿಸುವವರು ಯಾರು? ಭಾರತದಲ್ಲಿ ಆರ್ಬಿಟ್ರೇಷನ್ ನಡೆದುಬಂದ ದಾರಿ

ವ್ಯಾಜ್ಯವನ್ನು ಕೋರ್ಟಿಗೆ ಒಯ್ಯದೆ, ಎರಡೂ ಕಡೆಯವರು ಒಪ್ಪಿದ ಮೂರನೆಯವರ ಮುಂದಿಟ್ಟು ಅವರ ತೀರ್ಮಾನಕ್ಕೆ ಬದ್ಧರಾಗುವುದೇ ಆರ್ಬಿಟ್ರೇಷನ್. ವರ್ತಕರ ನಡುವೆ ಇದು ಹಳೆಯ ರೂಢಿ. ಈಗ ಟ್ರ್ಯಾಕ್ಟರ್ ಸಾಲ ತೆಗೆದವರ, ಫ್ಲ್ಯಾಟ್ ಬುಕ್ ಮಾಡಿದವರ ಕರಾರಿನಲ್ಲೂ ಇದರ ಷರತ್ತು ಬಂದು ಕೂತಿದೆ. ಈ ಕಾನೂನು ಶತಮಾನಕ್ಕೂ ಮೀರಿ ಎರಡು ಪ್ರಶ್ನೆಗಳನ್ನು ಎದುರಿಸುತ್ತ ಬಂದಿದೆ. ಖಾಸಗಿ ತೀರ್ಪಿನಲ್ಲಿ ಕೋರ್ಟು ಎಷ್ಟು ಕೈಹಾಕಬೇಕು? ಕರಾರಿಗೆ ಬಿದ್ದ ಸಹಿ ನಿಜವಾದ ಒಪ್ಪಿಗೆಯೇ? ಮೊದಲನೆಯ ಪ್ರಶ್ನೆಗೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ.

1899ರ ಆರ್ಬಿಟ್ರೇಷನ್ ಕಾಯ್ದೆ ಮುಖ್ಯವಾಗಿ ಕಲ್ಕತ್ತಾ, ಬಾಂಬೆ, ಮದ್ರಾಸ್ ನಗರಗಳಿಗಾಗಿ ಬಂದದ್ದು. ಅದರ ಜಾಗಕ್ಕೆ 1940ರಲ್ಲಿ ಸಮಗ್ರ ಕಾಯ್ದೆಯೊಂದು ಬಂತು. ಆದರೆ ಅದರಡಿ ಆರ್ಬಿಟ್ರೇಟರ್ ಕೊಟ್ಟ ತೀರ್ಪಿಗೆ, ಅಂದರೆ ಅವಾರ್ಡಿಗೆ, ಬಲ ಬರಬೇಕಾದರೆ ಕೋರ್ಟಿನ ಮುದ್ರೆ ಬೀಳಲೇಬೇಕಿತ್ತು. ಹಂತಹಂತಕ್ಕೂ ತಕರಾರು, ಅಪೀಲು. ಈ ಕಾಯ್ದೆ ನಡೆಯುತ್ತಿರುವ ರೀತಿಗೆ ವಕೀಲರು ನಗುತ್ತಾರೆ, ನ್ಯಾಯಚಿಂತಕರು ಅಳುತ್ತಾರೆ ಎಂದು 1981ರಲ್ಲಿ ಸುಪ್ರೀಂ ಕೋರ್ಟೇ ನೊಂದು ಹೇಳಿತು.

1991ರ ಆರ್ಥಿಕ ಉದಾರೀಕರಣದ ನಂತರ ಬದಲಾವಣೆ ಅನಿವಾರ್ಯವಾಯಿತು. ಹಣ ಹೂಡಲು ಬರುವ ವಿದೇಶಿ ಕಂಪನಿಗಳು ಇಲ್ಲಿನ ಕೋರ್ಟುಗಳಲ್ಲಿ ವರ್ಷಗಟ್ಟಲೆ ಕಾಯಲು ಸಿದ್ಧವಿರಲಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1985ರಲ್ಲಿ ರೂಪಿಸಿದ್ದ ಮಾದರಿಯನ್ನು ಆಧರಿಸಿ 1996ರ ಕಾಯ್ದೆ ಬಂತು. ಕೋರ್ಟಿನ ಪಾತ್ರವನ್ನು ಅದು ಕಾಗದದ ಮೇಲೆ ಕಿರಿದುಗೊಳಿಸಿತು. ವ್ಯವಹಾರದಲ್ಲಿ ಹಾಗಾಗಲಿಲ್ಲ. ಕಾನೂನಿಗೆ ಎದ್ದುಕಾಣುವಂತೆ ವಿರುದ್ಧವಾದ ಅವಾರ್ಡನ್ನು ರದ್ದುಪಡಿಸಬಹುದು ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸೋತವರೆಲ್ಲ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತತೊಡಗಿದರು. ರದ್ದತಿಗೆ ಅರ್ಜಿ ಹಾಕಿದರೆ ಸಾಕು, ಅವಾರ್ಡಿನ ಜಾರಿ ತಾನಾಗಿಯೇ ನಿಲ್ಲುತ್ತಿತ್ತು.

2015ರ ತಿದ್ದುಪಡಿ ಈ ತಡೆಯನ್ನು ತೆಗೆಯಿತು. ಅವಾರ್ಡ್ ಕೊಡಲು 12 ತಿಂಗಳ ಗಡುವು ಹಾಕಿ, ಇಬ್ಬರೂ ಒಪ್ಪಿದರೆ ಇನ್ನೂ 6 ತಿಂಗಳಿಗೆ ಅವಕಾಶ ಇಟ್ಟಿತು. ದೊಡ್ಡವರ ಜಗಳ ಆಮೇಲೂ ಕೋರ್ಟಿಗೆ ಹೋಗುತ್ತಲೇ ಇದೆ. ಇಸ್ರೋದ ವಾಣಿಜ್ಯ ಅಂಗವಾದ ಬೆಂಗಳೂರಿನ ಆಂಟ್ರಿಕ್ಸ್ ವಿರುದ್ಧ ದೇವಾಸ್ ಕಂಪನಿಗೆ 2015ರಲ್ಲಿ 56.25 ಕೋಟಿ ಡಾಲರಿನ ಅವಾರ್ಡ್ ಸಿಕ್ಕಿತು. ಇವರಿಬ್ಬರ ನಡುವಿನ ಒಪ್ಪಂದದ ಬುಡದಲ್ಲೇ ವಂಚನೆಯಿತ್ತು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಅವಾರ್ಡನ್ನು ರದ್ದುಮಾಡಿತು. ಕೊನೆಯವರೆಗೂ ಹೋರಾಡಲು ಇಂಥವರ ಬಳಿ ವಕೀಲರಿದ್ದಾರೆ, ಹಣವಿದೆ. ಗ್ರಾಹಕರಿಗೆ ಏನಿದೆ?

ಗ್ರಾಹಕರಿಗೆ 1986ರ ಗ್ರಾಹಕ ರಕ್ಷಣಾ ಕಾಯ್ದೆ ಬೇರೊಂದು ಬಾಗಿಲು ತೆರೆದಿತ್ತು. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತು ಇದೆ, ಹಾಗಾಗಿ ಗ್ರಾಹಕ ವೇದಿಕೆಗೆ ಹೋಗುವಂತಿಲ್ಲ ಎಂಬುದು ಕಂಪನಿಗಳ ವಾದ. ಫ್ಲ್ಯಾಟ್ ಖರೀದಿದಾರರ ಪ್ರಕರಣವೊಂದರಲ್ಲಿ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಯಾವ ದಾರಿ ಹಿಡಿಯಬೇಕೆಂಬ ಆಯ್ಕೆ ಗ್ರಾಹಕರದ್ದೇ ಎಂದು 2023ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಈ ಕ್ಷೇತ್ರದಲ್ಲಿ ಸಾಮಾನ್ಯರಿಗೆ ಸಿಕ್ಕ ದೊಡ್ಡ ಗೆಲುವು ಇದು.

ಆದರೆ ಗ್ರಾಹಕರೇ ದೂರು ಕೊಟ್ಟಾಗ ಮಾತ್ರ ಈ ರಕ್ಷಣೆ. ಕಂಪನಿಯೇ ಮೊದಲು ಆರ್ಬಿಟ್ರೇಷನ್ ಹೂಡಿದರೆ? ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದ ಹಾವೇರಿ ಕಡೆಯ ರೈತರೊಬ್ಬರನ್ನು ಊಹಿಸಿಕೊಳ್ಳಿ. ಕರಾರು ಇಂಗ್ಲಿಷಿನಲ್ಲಿದೆ, ಏಜೆಂಟ್ ಬೆರಳಿಟ್ಟು ತೋರಿಸಿದಲ್ಲೆಲ್ಲ ಅವರು ಸಹಿ ಮಾಡಿದ್ದಾರೆ. ಕಂಪನಿ ನೇಮಿಸಿದವರೇ ಆರ್ಬಿಟ್ರೇಟರ್, ವಿಚಾರಣೆ ಚೆನ್ನೈನಲ್ಲಿ ಎಂಬ ಷರತ್ತು ಅದರೊಳಗಿದೆ. ಒಂದು ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬರುತ್ತದೆ. ಹೋಗದಿದ್ದರೆ ಎಕ್ಸ್‌ಪಾರ್ಟಿ ಅವಾರ್ಡ್, ಅಂದರೆ ಒಂದೇ ಕಡೆಯವರ ಮಾತು ಕೇಳಿ ಕೊಟ್ಟ ತೀರ್ಪು, ಆಗುತ್ತದೆ, ಮುಂದೆ ಅದು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಲಗಾರರ ಆಸ್ತಿ ಇರುವ ಊರಿನ ಕೋರ್ಟಿನಲ್ಲೇ ಕಂಪನಿ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಅವಾರ್ಡ್ ರದ್ದಾಗಬೇಕಾದರೆ ಮಾತ್ರ ರೈತರು ಚೆನ್ನೈಗೇ ಹೋಗಬೇಕು. ಅದಕ್ಕಿರುವ ಅವಧಿ 3 ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನು 30 ದಿನ, ಅಷ್ಟೇ.

ಇಲ್ಲಿ ಕಾನೂನು ಕೈಕಟ್ಟಿ ಕೂತಿಲ್ಲ. ಒಂದು ಕಡೆಯವರ ನೌಕರರು, ಸಲಹೆಗಾರರು ಆರ್ಬಿಟ್ರೇಟರ್ ಆಗುವಂತಿಲ್ಲ ಎಂದು 2015ರ ತಿದ್ದುಪಡಿ ಹೇಳಿತು. ವಿವಾದ ಹುಟ್ಟಿದ ಮೇಲೆ ಎರಡೂ ಕಡೆಯವರು ಬರಹದಲ್ಲಿ ಒಪ್ಪಿದರೆ ಮಾತ್ರ ಇದಕ್ಕೆ ವಿನಾಯಿತಿ. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವರು ಒಬ್ಬರೇ ನಿಂತು ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸಾರಿತು. 2024ರ ನವೆಂಬರಿನಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಆರ್ಬಿಟ್ರೇಟರ್ ನೇಮಕದಲ್ಲೂ ಇಬ್ಬರೂ ಸಮಾನರು ಎಂಬ ತತ್ವವನ್ನು ಎತ್ತಿಹಿಡಿದು, ಸರ್ಕಾರಿ ಸಂಸ್ಥೆಗಳ ಕರಾರಿನಲ್ಲಿರುವ ಏಕಪಕ್ಷೀಯ ನೇಮಕದ ಷರತ್ತು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ಆದರೆ ಈ ತೀರ್ಪುಗಳ ಪ್ರಯೋಜನ ಸಿಗುವುದು ಆಕ್ಷೇಪ ಎತ್ತಿದವರಿಗೆ. ನೋಟಿಸ್ ಕಂಡು ದಿಕ್ಕುತೋಚದೆ ಸುಮ್ಮನಾದವರಿಗೆ ಅವುಗಳಿಂದ ಆಗುವ ಉಪಕಾರ ಕಡಿಮೆ.

ಬದಲಿ ದಾರಿಗಳು ಈಗಾಗಲೇ ಕಣ್ಣಮುಂದಿವೆ. ನಿಷ್ಪಕ್ಷಪಾತ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ವಿಚಾರಣೆ ನಡೆಯಲೆಂದು ಬೆಂಗಳೂರಿನಲ್ಲಿ 2012ರಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಆರ್ಬಿಟ್ರೇಷನ್ ಕೇಂದ್ರ ಆರಂಭವಾಯಿತು. ಷೇರು ಹೂಡಿಕೆದಾರರ ದೂರುಗಳಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರಲ್ಲಿ ಆನ್‌ಲೈನ್ ವ್ಯವಸ್ಥೆ ತಂದಿತು. ಅಲ್ಲಿ ಮೊದಲು ರಾಜಿ ಮಾತುಕತೆ, ಅದು ಫಲಿಸದಿದ್ದರೆ ಆರ್ಬಿಟ್ರೇಷನ್. ಸಾಲದ ಕರಾರುಗಳಿಗೂ ಇದೇ ಶಿಸ್ತು ಬೇಕು. ಆರ್ಬಿಟ್ರೇಟರನ್ನು ಕಂಪನಿಯ ಬದಲು ಸ್ವತಂತ್ರ ಸಂಸ್ಥೆ ನೇಮಿಸಬೇಕು. ವಿಚಾರಣೆ ಸಾಲಗಾರರ ಜಿಲ್ಲೆಯಲ್ಲೋ ಆನ್‌ಲೈನಿನಲ್ಲೋ ನಡೆಯಬೇಕು. ಕರಾರು ಮತ್ತು ನೋಟಿಸ್ ಅವರ ಭಾಷೆಯಲ್ಲಿರಬೇಕು, ಆಕ್ಷೇಪ ಎತ್ತುವ ಹಕ್ಕು ಆ ನೋಟಿಸಿನಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಬೇಕು. ಒಪ್ಪಿಗೆಯೇ ಆರ್ಬಿಟ್ರೇಷನ್ನಿನ ಅಡಿಪಾಯ. ಸಾಮಾನ್ಯರ ಸಹಿಯ ಹಿಂದೆ ಅಂಥ ಒಪ್ಪಿಗೆ ಇರುವಂತೆ ನೋಡಿಕೊಳ್ಳುವುದು ಇನ್ನು ಮುಂದಿನ ತಿದ್ದುಪಡಿಗಳ ಮೊದಲ ಕೆಲಸವಾಗಬೇಕು.