ಹಾಸನ ಸೀಮೆಯ ದತ್ತಿ ಪಾಠಶಾಲೆಗಳು

ಗುರುವಿಗೆ ಅನ್ನ, ಶಿಷ್ಯನಿಗೆ ನೆಲೆ, ರಾತ್ರಿಯ ಪಾಠಕ್ಕೆ ದೀಪದ ಎಣ್ಣೆ: ಈ ಮೂರೂ ವರ್ಷವರ್ಷವೂ ತಪ್ಪದೆ ಒದಗುವ ಏರ್ಪಾಡಿಲ್ಲದೆ ಯಾವ ಪಾಠಶಾಲೆಯೂ ಬಹುಕಾಲ ಬಾಳಲಾರದು. ಈ ಸತ್ಯವನ್ನು ಕನ್ನಡನಾಡಿನ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರು ವಿದ್ಯಾದಾನಕ್ಕೆ ಭೂಮಿಯನ್ನು ಬಿಟ್ಟು, ಆ ದಾನವನ್ನು ಕಲ್ಲಿನಲ್ಲಿ ಬರೆಯಿಸಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗದ್ದೆಗಳಲ್ಲಿಯೂ ಗುಡಿಯಂಗಳಗಳಲ್ಲಿಯೂ ನಿಂತಿರುವ ಶಾಸನಗಳಲ್ಲಿ ಇಂತಹ ದಾನಧರ್ಮಗಳ ವಿಚಾರವೇ ಹೆಚ್ಚಾಗಿದೆ.

ಹೊಯ್ಸಳರ ಕಾಲದಲ್ಲಿ ಈ ಸೀಮೆ ಅಗ್ರಹಾರಗಳಿಂದ ತುಂಬಿತ್ತು. ಹಾಸನಕ್ಕೆ ಸಮೀಪದ ಶಾಂತಿಗ್ರಾಮವು ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರನ್ನು ಹೊತ್ತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯು ಬೊಮ್ಮಣ್ಣ ದಂಡನಾಯಕನಿಂದ ವಿಜಯಸೋಮನಾಥಪುರವೆಂಬ ಅಗ್ರಹಾರವಾಗಿ, 1246ರಲ್ಲಿ ಅಲ್ಲಿ ಲಕ್ಷ್ಮೀನರಸಿಂಹನ ದೇವಾಲಯವು ಸಿದ್ಧವಾಯಿತು. ಅಗ್ರಹಾರವೆಂದರೆ ಕೇವಲ ವಿದ್ವಾಂಸರ ವಸತಿಯಲ್ಲ. ಗ್ರಾಮದ ಉತ್ಪತ್ತಿಯನ್ನು ವೃತ್ತಿಗಳಾಗಿ ಹಂಚಿ, ಅವನ್ನು ಹೊಂದಿದವರು ಓದುವ, ಓದಿಸುವ ಧರ್ಮವನ್ನು ನಡೆಸಿಕೊಂಡು ಬರಬೇಕೆಂಬುದು ಅದರ ಆಶಯ. ಧರ್ಮವನ್ನು ಕಾಯುವ ಹೊಣೆ ಊರಿನ ಮಹಾಜನರದು. ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಬರೆದು, ಕೆಡಿಸಿದವನಿಗೆ ಘೋರವಾದ ಶಾಪವನ್ನು ಕಡೆಯಲ್ಲಿ ಸೇರಿಸುತ್ತಿದ್ದರು. ಆ ಶಾಪವೇ ದತ್ತಿಯ ಬೇಲಿ.

ಏರ್ಪಾಡಿನ ವಿವರಗಳು ನಾಡಿನ ಬೇರೆಡೆಯ ಶಾಸನಗಳಲ್ಲಿ ಸ್ಪಷ್ಟವಾಗಿ ದೊರೆಯುತ್ತವೆ. ವಿಜಯಪುರದ ಕಡೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ 945ರಲ್ಲಿ ದಾನಗಳು ದೊರೆತವು. ವಿದ್ಯಾರ್ಥಿಗಳ ವಸತಿಗೆ 27 ನಿವೇಶನಗಳು, ಗುರುವಿಗೆ ಭೂಮಿ, ದೀಪಕ್ಕೆ ಬೇರೆ ಭೂಮಿ. ಇದಲ್ಲದೆ ಊರಿನ ಮನೆಗಳಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗಲೆಲ್ಲ ಶಾಲೆಗೊಂದು ಕಾಣಿಕೆ. ಕಲಬುರಗಿಯ ಕಡೆಯ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರಲ್ಲಿ ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ಶಿಷ್ಯರಿದ್ದರು. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಾಂಡಾರಿಗರೂ ಇದ್ದರು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಪೆರುಮಾಳೆದೇವನು 1290ರಲ್ಲಿ ಕಾವೇರೀತೀರದ ಮಾಲಂಗಿಯಲ್ಲಿ ಮಾಡಿದ ವಿದ್ಯಾದತ್ತಿ ಇನ್ನೂ ಗಮನಾರ್ಹವಾದುದು. ಅಲ್ಲಿ ವೇದದೊಡನೆ ನಾಗರ, ಕನ್ನಡ, ತಿಗುಳ, ಆರ್ಯ ಇವುಗಳನ್ನು ಬಾಲಕರಿಗೆ ಕಲಿಸುವುದಕ್ಕೂ ಏರ್ಪಾಡಾಗಿತ್ತು. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ದೇವಭಾಷೆಯ ಪಕ್ಕದಲ್ಲಿಯೇ ಸಂತೆಯ ಭಾಷೆಗಳಿಗೂ ಮಣೆ ಹಾಕಿದ ದತ್ತಿಯಿದು.

ದೂರದ ಇಂಗ್ಲೆಂಡಿನ ಚರಿತ್ರೆಯನ್ನು ಇದರೊಡನೆ ಹೋಲಿಸಿದರೆ ಒಂದು ಪಾಠವು ಹೊಳೆಯುತ್ತದೆ. ಅಲ್ಲಿನ ಹಳ್ಳಿಪೇಟೆಗಳಲ್ಲಿಯೂ ಧರ್ಮಿಷ್ಠರು ಆಸ್ತಿಯನ್ನು ಬಿಟ್ಟು ಬಾಲಕರಿಗಾಗಿ 'ಗ್ರಾಮರ್ ಸ್ಕೂಲು'ಗಳನ್ನು ಸ್ಥಾಪಿಸಿದರು. ರಗ್ಬಿಯ ಶಾಲೆಯನ್ನು 1567ರಲ್ಲಿ ಸ್ಥಾಪಿಸಿದವನು ದಿನಸಿ ವರ್ತಕನಾದ ಲಾರೆನ್ಸ್ ಶೆರಿಫ್. ಹ್ಯಾರೋ ಶಾಲೆಗೆ 1572ರಲ್ಲಿ ರಾಜಶಾಸನವನ್ನು ಪಡೆದವನು ಜಾನ್ ಲಿಯಾನ್ ಎಂಬ ಒಕ್ಕಲಿಗ. ಅಲ್ಲಿ ವ್ಯಾಕರಣವೆಂದರೆ ಲ್ಯಾಟಿನ್, ಗ್ರೀಕ್ ಭಾಷೆಗಳ ವ್ಯಾಕರಣ. ಕಾಲ ಬದಲಾಗಿ, ಲೀಡ್ಸ್ ಪಟ್ಟಣದ ಶಾಲೆಯಲ್ಲಿ ಈಗಿನ ಭಾಷೆಗಳನ್ನೂ ದತ್ತಿಯ ಹಣದಿಂದ ಕಲಿಸಬೇಕೆಂಬ ಪ್ರಯತ್ನ ನಡೆದಾಗ, ದಾತೃವಿನ ಉದ್ದೇಶವನ್ನು ಹಾಗೆ ಮಾರ್ಪಡಿಸಲಾಗದೆಂದು ನ್ಯಾಯಾಧಿಪತಿ ಎಲ್ಡನ್ ಪ್ರಭುವು 1805ರಲ್ಲಿ ತೀರ್ಪಿತ್ತನು. ಈ ಕಟ್ಟು ಸಡಿಲವಾಗಲು 1840ರ ಕಾಯಿದೆಯೇ ಬರಬೇಕಾಯಿತು. ಶಾಲೆಯನ್ನು ಉಳಿಸಿದ ದತ್ತಿಯೇ ಅದರ ಕಾಲಿಗೆ ಸಂಕೋಲೆಯೂ ಆಗಿತ್ತು.

ಹಾಸನ ಸೀಮೆಯಲ್ಲಿ ಕೇಡು ಬಂದುದು ಬೇರೆ ದಾರಿಯಿಂದ. 1311ರಲ್ಲಿ ದೆಹಲಿಯ ಸೈನ್ಯವು ದೋರಸಮುದ್ರದ ಮೇಲೆ ಬಿದ್ದಿತು. ಆ ಶತಮಾನದಲ್ಲಿಯೇ ಹೊಯ್ಸಳ ರಾಜ್ಯವು ಅಳಿಯಿತು. ರಾಜ್ಯಗಳು ಕೈ ಬದಲಾದಂತೆಲ್ಲ ದತ್ತಿಗಳ ಆಸರೆಯೂ ಅಲುಗಿತು. ವೃತ್ತಿಯು ಮನೆತನದ ಆಸ್ತಿಯಾಗಿ ಇಳಿದುಬಂದ ಕಡೆಗಳಲ್ಲಿ ಭೂಮಿ ಉಳಿದರೂ ಪಾಠವು ಉಳಿಯಬೇಕೆಂಬ ನಿರ್ಬಂಧವಿರಲಿಲ್ಲ. ಕಾಲಾಂತರದಲ್ಲಿ ಸಾಮಾನ್ಯ ಜನರ ಮಕ್ಕಳಿಗೆ ಒದಗಿದುದು ಕೂಲಿಮಠ. ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರವನ್ನು ತಿದ್ದುವರು. ಗುರುವಿಗೆ ಮನೆಮನೆಯಿಂದ ಕಾಳೋ ಕಾಸೋ ಸಲ್ಲುವುದು. ಬರ ಬಂದ ವರ್ಷ ಕಾಳಿಲ್ಲ. ಕಾಳಿಲ್ಲದಿದ್ದರೆ ಮಠವೂ ಇಲ್ಲ.

1857ರಲ್ಲಿ ಮೈಸೂರು ಸೀಮೆಗೆ ವಿದ್ಯಾ ಇಲಾಖೆ ಏರ್ಪಟ್ಟಿತು. ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಬಲ್ಲವನಾಗಿದ್ದ ಬಿ. ಎಲ್. ರೈಸ್ ಎಂಬ ಅಧಿಕಾರಿಯು 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟನು. ಅಗ್ರಹಾರದ ವೃತ್ತಿಯ ಸ್ಥಾನದಲ್ಲಿ ಈಗ ರೈತನು ತೆತ್ತ ಕರದ ಪಾಲು ನಿಂತಿತು. ಶಾಲೆಗಳ ತನಿಖೆಗಾಗಿ ಹಳ್ಳಿಗಳನ್ನು ಸುತ್ತುತ್ತಿದ್ದ ರೈಸನ ಕಣ್ಣು ಅಲ್ಲಲ್ಲಿಯ ಬರಹದ ಕಲ್ಲುಗಳ ಮೇಲೂ ಬಿದ್ದಿತು. ಮುಂದೆ ಅವನು ಸಂಗ್ರಹಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವು 1902ರಲ್ಲಿ ಪ್ರಕಟವಾಯಿತು. ಹೊಸ ಶಾಲೆಗಳನ್ನು ಹಾಕಿಸಲು ಹೊರಟವನಿಗೇ ಹಳೆಯ ವಿದ್ಯಾದಾನಗಳ ದಾಖಲೆಯನ್ನು ಉಳಿಸುವ ಕಾರ್ಯವೂ ಒದಗಿದುದು ಚರಿತ್ರೆಯ ಅಪೂರ್ವ ಯೋಗಗಳಲ್ಲೊಂದು.

ಆದರೆ ಹಳೆಯದರ ವೈಭವವನ್ನು ನೆನೆಯುವಾಗ ಅದರ ಕೊರತೆಯನ್ನು ಮರೆಯಲಾಗದು. ಅಗ್ರಹಾರದ ಉನ್ನತ ವಿದ್ಯೆ ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗೇ ಮೀಸಲಾಗಿತ್ತು. ಆ ದತ್ತಿಯ ಗದ್ದೆಯನ್ನು ಉತ್ತವನ ಮಗನಿಗೂ ಆ ಮನೆಗಳ ಹೆಣ್ಣುಮಕ್ಕಳಿಗೂ ಆ ಪಾಠದಲ್ಲಿ ಪಾಲಿರಲಿಲ್ಲ. ಹೊಸ ಶಾಲೆಗಳಲ್ಲಿಯೂ ಬಾಗಿಲು ಒಮ್ಮೆಗೇ ತೆರೆಯಲಿಲ್ಲ. ಸರ್ಕಾರೀ ಶಾಲೆಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಪ್ರವೇಶವಿರಬೇಕೆಂಬ ಮೈಸೂರು ಸರ್ಕಾರದ ಆಜ್ಞೆ ಹೊರಟುದು 1915ರಲ್ಲಿ. ಆಗಲೂ ಅನೇಕ ಊರುಗಳಲ್ಲಿ ಪ್ರತಿಭಟನೆ ಎದ್ದಿತು.

ಈ ಚರಿತ್ರೆಯು ವಿದ್ಯಾಭಿಮಾನಿಗಳಾದ ದಾನಿಗಳಿಗೆ ಎರಡು ಮಾತನ್ನು ತಿಳಿಸುತ್ತದೆ. ಗುರುವಿನ ಅನ್ನವು ಅಲುಗದಂತೆ ದತ್ತಿಯನ್ನು ಬಿಗಿಯಾಗಿ ಕಟ್ಟಬೇಕು. ಪಾಠವನ್ನೂ ಬಾಗಿಲನ್ನೂ ಹಾಗೆ ಬಿಗಿಯಲಾಗದು. ಸಾಲೋಟಗಿಯವರು ಮೊದಲನೆಯದನ್ನು ಸಾಧಿಸಿದರು. ಮಾಲಂಗಿಯವರು ಎರಡನೆಯದರಲ್ಲಿ ಅರ್ಧ ದಾರಿಯನ್ನು ನಡೆದರು. ಉಳಿದರ್ಧವನ್ನು ನಡೆಯುವ ಭಾರ ಅವರ ಸಂತತಿಯ ಮೇಲೆ ಬಿದ್ದಿತು.